ಮಂಡಿ ನೇರವಾಗುವ ಕೊನೆಯ ಹತ್ತು ಡಿಗ್ರಿ: ನಾಲ್ಕು ಕೊಂಡಿಯ ಕೃತಕ ಮಂಡಿ ಮಾಡಿದ ದಾಖಲೆ

ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗಾಗಿ ನಾವೊಂದು ಮಂಡಿ ಮಾಡುತ್ತಿದ್ದೇವೆ. ಅದರಲ್ಲಿ ಬ್ಯಾಟರಿ, ಸೆನ್ಸರ್, ಹೈಡ್ರಾಲಿಕ್ ಯಾವುದೂ ಇಲ್ಲ. ಮೇಲೊಂದು ಬ್ಲಾಕ್, ಕೆಳಗೊಂದು ಬ್ಲಾಕ್, ಮುಂದೊಂದು ಜೋಡಿ ಕೊಂಡಿ, ಹಿಂದೊಂದು ಜೋಡಿ ಕೊಂಡಿ, ನಾಲ್ಕು ಪಿನ್, ಒಂದು ಸ್ಪ್ರಿಂಗ್, ಒಂದು ರಬ್ಬರ್ ಗುಂಡಿ, ಇಷ್ಟೇ. ಕಂಪನಿ ಅಂತ ಹೆಸರು ನೋಂದಾಯಿಸಿದ್ದೇವೆ ನಿಜ, ಆದರೆ ಒಳಗಿರುವವರು ಡ್ರಾಯಿಂಗ್ ಮಾಡುವ ನಾನು, ಲೇತ್ ಮತ್ತು ಮಿಲ್ಲಿಂಗ್ ನೋಡಿಕೊಳ್ಳುವ ಪಾಲುದಾರ, ಸಾಕೆಟ್ (ಉಳಿದ ತೊಡೆ ಕೂರುವ ಬಟ್ಟಲು) ಮತ್ತು ಅಲೈನ್‌ಮೆಂಟ್ (ಭಾಗಗಳ ಕೋನ, ಸ್ಥಾನದ ಹೊಂದಾಣಿಕೆ) ಮಾಡುವ ಪ್ರಾಸ್ಥೆಟಿಸ್ಟ್ (ಕೃತಕ ಕಾಲು ಜೋಡಿಸುವ ತಜ್ಞೆ) ಮೇಡಂ, ಅನುಮತಿ ಮತ್ತು ಲೆಕ್ಕಪತ್ರದ ಹಿಂದೆ ಓಡಾಡುವ ಇನ್ನೊಬ್ಬರು ಮಾತ್ರ.

ಮಂಡಿ ಮಡಚುವಂತೆ ಮಾಡುವುದು ಬೇಗ ಆಯಿತು. ಅದು ನೇರವಾಗಿ ಬಂದು ನಿಲ್ಲುವ ಕೊನೆಯ ಹತ್ತು ಡಿಗ್ರಿಯಲ್ಲೇ ಸಮಯ, ಸಾಮಾನು, ತಾಳ್ಮೆ ಎಲ್ಲ ಕರಗಿದ್ದು. ಈ ಕೆಲಸಕ್ಕೆ ಕೈ ಹಾಕುವ ಇನ್ನೊಬ್ಬರಿಗೆ ನಮ್ಮ ಅಳತೆಗಳು ಸಿಗಲಿ ಅಂತ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಹಂತ 1: ರಟ್ಟು ಮತ್ತು ಗುಂಡುಪಿನ್ನು

ಕಂಪ್ಯೂಟರಿನಲ್ಲಿ ಮಾಡೆಲ್ ಬರೆಯುವ ಮೊದಲು ದಪ್ಪ ರಟ್ಟಿನ ಪಟ್ಟಿ ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಬೋರ್ಡಿನ ಮೇಲೆ ಆಡಿಸಿ ನೋಡಿದೆವು. ಎರಡು ಪಟ್ಟು ಅಳತೆಯಲ್ಲಿ ಮಾಡಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕೊನೆಗೆ ನಿಂತ ಅಳತೆಗಳು ಹೀಗಿವೆ: ಮುಂದಿನ ಕೊಂಡಿ ಪಿನ್ನಿನಿಂದ ಪಿನ್ನಿಗೆ 52.7 ಮಿಮೀ, ಹಿಂದಿನದು 45.4 ಮಿಮೀ, ಕೆಳ ಬ್ಲಾಕಿನ ಎರಡು ಪಿನ್‌ಗಳ ನಡುವೆ 30 ಮಿಮೀ, ಮೇಲಿನದರಲ್ಲಿ 20 ಮಿಮೀ.

ಥಿಯರಿ ಇಲ್ಲಿ ಬೇಡ, ಆದರೆ ಒಂದು ವಿಷಯ ಹೇಳದೆ ಮುಂದೆ ಹೋಗಲಾಗದು. ಮುಂದಿನ ಕೊಂಡಿಯ ಗೆರೆಯನ್ನೂ ಹಿಂದಿನ ಕೊಂಡಿಯ ಗೆರೆಯನ್ನೂ ಮೇಲಕ್ಕೆ ಎಳೆಯುತ್ತಾ ಹೋದರೆ ಎರಡೂ ಕೂಡುವ ಜಾಗವೇ ಆ ಕ್ಷಣದಲ್ಲಿ ಮಂಡಿಯ ತಿರುಗುಬಿಂದು. ಕಾಲು ಪೂರ್ತಿ ನೇರ ಇದ್ದಾಗ ನಮ್ಮದರಲ್ಲಿ ಅದು ಕೆಳಗಿನ ಪಿನ್‌ಗಳಿಗಿಂತ 150 ಮಿಮೀ ಮೇಲೆ, ಹಿಂದಿನ ಪಿನ್ನಿಗಿಂತ 20 ಮಿಮೀ ಹಿಂದೆ ಇರುತ್ತದೆ. ಅಂದರೆ ಲೋಹದ ಮಂಡಿ ಇರುವ ಜಾಗದಲ್ಲಿ ಅಲ್ಲ, ತೊಡೆಯ ಸಾಕೆಟ್ಟಿನ ಒಳಗೆಲ್ಲೋ. ಭಾರದ ಗೆರೆ, ಅಂದರೆ ದೇಹದ ಭಾರ ಪಾದಕ್ಕೆ ಇಳಿಯುವ ಗೆರೆ, ಆ ಬಿಂದುವಿನ ಮುಂದೆ ಹಾದುಹೋದರೆ ಭಾರವೇ ಮಂಡಿಯನ್ನು ನೇರವಾಗಿ ಒತ್ತಿ ಹಿಡಿಯುತ್ತದೆ, ಹಿಂದೆ ಹಾದುಹೋದರೆ ಮಂಡಿ ಕುಸಿಯುತ್ತದೆ. ನಾಲ್ಕು ಕೊಂಡಿಯ ಮಂಡಿಯ ಗುಟ್ಟು ಇದೇ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ರಾಡ್‌ಕ್ಲಿಫ್ ದಶಕಗಳ ಹಿಂದೆಯೇ ಇದನ್ನು ಚಿತ್ರ ಬರೆದು ವಿವರಿಸಿದ್ದಾರೆ. ನಾವು ಹೊಸದೇನೂ ಕಂಡುಹಿಡಿಯಲಿಲ್ಲ.

ಆದರೆ ರಟ್ಟಿನ ಮೇಲೆ ಇನ್ನೊಂದು ಸಂಗತಿ ಕಂಡಿತ್ತು. ಮಂಡಿ ಬರೀ 12 ಡಿಗ್ರಿ ಮಡಚುವಷ್ಟರಲ್ಲಿ ಆ ಬಿಂದು 40 ಮಿಮೀ ಕೆಳಗಿಳಿದು 50 ಮಿಮೀ ಮುಂದಕ್ಕೆ ಬಂದುಬಿಡುತ್ತದೆ. ಹೆಜ್ಜೆ ಎತ್ತುವಾಗ ಸಲೀಸಾಗಿ ಮಡಚಿಕೊಳ್ಳಲು ಇದು ಬೇಕೇ ಬೇಕು. ಆಗ ಖುಷಿಯಾಗಿ ಪಕ್ಕದಲ್ಲಿ ಟಿಕ್ ಹಾಕಿ ಮುಂದೆ ಹೋದೆವು. ಇದೇ ಸಂಖ್ಯೆ ಆರನೇ ಹಂತದಲ್ಲಿ ಬಂದು ಕುತ್ತಿಗೆ ಹಿಡಿಯಿತು.

ಹಂತ 2: ಮೊದಲ ದೇಹ

ಮೊದಲು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದೆವು. ಇದು ಮೇಜಿನ ಮೇಲೆ ಆಡಿಸಿ ನೋಡಲು ಮಾತ್ರ. ಪದರಗಳ ನಡುವೆ ಸೀಳುವ ಸಾಮಾನಿನ ಮೇಲೆ ಮನುಷ್ಯರನ್ನು ನಿಲ್ಲಿಸುವ ಮಾತೇ ಇಲ್ಲ. ಬಿಸಿ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರಿದರೆ ಪಿಎಲ್‌ಎ ಮೆತ್ತಗಾಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಸೊಟ್ಟಗಾಗಬಹುದು. ಪ್ರಿಂಟ್‌ನಿಂದ ತಿಳಿದದ್ದು ಒಂದೇ: ಕುಳಿತಾಗ 90 ಡಿಗ್ರಿ ದಾಟಿದ ಮೇಲೆ ಹಿಂದಿನ ಕೊಂಡಿ ಮೇಲಿನ ಬ್ಲಾಕಿನ ಅಂಚಿಗೆ ತಾಗುತ್ತಿತ್ತು. ಅಂಚನ್ನು 6 ಮಿಮೀ ಓರೆಯಾಗಿ ಕೆತ್ತಿದ ಮೇಲೆ 135 ಡಿಗ್ರಿಯವರೆಗೂ ಮಡಚಿತು.

ಆಮೇಲೆ ನಿಜವಾದ ದೇಹ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಜೈಪುರ ಫುಟ್ ಸಂಸ್ಥೆಯ ಜೊತೆ ಸೇರಿ ಮಾಡಿದ ಮಂಡಿ ಎಣ್ಣೆ ತುಂಬಿದ ನೈಲಾನಿನದು, ಅದೂ ಇದೇ ನಾಲ್ಕು ಕೊಂಡಿಯ ಜಾತಿ. ಅದನ್ನು ನೋಡಿ ನಾವೂ ಬ್ಲಾಕ್‌ಗಳಿಗೆ ನೈಲಾನ್ ತಗೊಂಡೆವು, ಆದರೆ ಎಣ್ಣೆ ತುಂಬಿದ್ದಲ್ಲ, ಸುಲಭವಾಗಿ ಸಿಗುವ ಸಾದಾ ಎರಕದ ನೈಲಾನ್. ಕೊಂಡಿಗಳು 6 ಮಿಮೀ ದಪ್ಪದ ಅಲ್ಯೂಮಿನಿಯಂ, ಪಿನ್‌ಗಳು 8 ಮಿಮೀ ಸ್ಟೇನ್‌ಲೆಸ್ ಸ್ಟೀಲ್, ರಂಧ್ರಗಳಿಗೆ ಎಣ್ಣೆ ಹೀರಿಸಿದ ಕಂಚಿನ ಬುಷ್ (ಪಿನ್ ತಿರುಗುವ ಒಳಕೊಳವೆ). ಮೇಲ್ಗಡೆ ಸಾಕೆಟ್ಟಿಗೆ ಕೋನ ಹೊಂದಿಸಿ ಜೋಡಿಸುವ ನಾಲ್ಕು ಸ್ಕ್ರೂಗಳ ಪಿರಮಿಡ್ ಅಡಾಪ್ಟರ್, ಕೆಳಗೆ 30 ಮಿಮೀ ಟ್ಯೂಬಿನ ಕ್ಲಾಂಪ್. ಈ ಎರಡನ್ನು ಮಾತ್ರ ನಾವೇ ಮಾಡದೆ ಸಿದ್ಧ ಸಾಮಾನು ಕೊಂಡೆವು. ಯಾವ ಕೇಂದ್ರಕ್ಕೆ ಹೋದರೂ ಅಲ್ಲಿನ ಟ್ಯೂಬಿಗೆ, ಅಲ್ಲಿನ ಅಡಾಪ್ಟರಿಗೆ ಕೂರಬೇಕು. ಸ್ವಂತ ಅಳತೆ ತರುವ ಚಪಲ ಇಲ್ಲಿ ಬೇಡ.

ಎಲ್ಲ ಸೇರಿ ತೂಕ 640 ಗ್ರಾಂ. 700ರ ಒಳಗಿರಬೇಕು ಅಂತ ಮೊದಲೇ ಅಂದುಕೊಂಡಿದ್ದೆವು.

ಹಂತ 3: ನಡುವೆ ಸಿಕ್ಕಿಕೊಳ್ಳುವ ಮಂಡಿ

ಜೋಡಿಸಿದ ಮೇಲೆ ಕೈಯಲ್ಲಿ ಮಡಚಿದರೆ 20ರಿಂದ 30 ಡಿಗ್ರಿ ನಡುವೆ ಬಿಗಿ, ಆಮೇಲೆ ಸಲೀಸು. ಎಣ್ಣೆ ಹಾಕಿ ನೋಡಿದೆವು, ಬುಷ್ ಬದಲಿಸಿದೆವು, ಪಿನ್ನಿಗೆ ಸಣ್ಣ ಎಮರಿ ಪೇಪರ್ ಉಜ್ಜಿದೆವು. ಯಾವುದೂ ಉಪಯೋಗವಾಗಲಿಲ್ಲ. ಒಂದು ಬದಿಯ ಕೊಂಡಿಗಳನ್ನು ಬಿಚ್ಚಿ ಆಡಿಸಿದರೆ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಇನ್ನೊಂದು ಬದಿಯದನ್ನು ಬಿಚ್ಚಿದಾಗಲೂ ಹಾಗೆಯೇ. ಎರಡೂ ಸೇರಿದರೆ ಮಾತ್ರ ಜಗಳ.

ಎಡ ಮತ್ತು ಬಲ ಕೊಂಡಿಗಳನ್ನು ಬೇರೆ ಬೇರೆ ಸೆಟ್ಟಿಂಗಿನಲ್ಲಿ ಕೊರೆದಿದ್ದೆವು. ಅಳೆದಾಗ ಮುಂದಿನ ಜೋಡಿಯ ರಂಧ್ರಗಳ ನಡುವಿನ ಅಂತರದಲ್ಲಿ 0.08 ಮಿಮೀ ವ್ಯತ್ಯಾಸ ಇತ್ತು. ಬುಷ್ಷಿನ ಸಡಿಲ 0.03. ಸಿಕ್ಕಿಕೊಳ್ಳದೆ ಇನ್ನೇನು ಮಾಡೀತು?

ಪರಿಹಾರ ಹಳೆಯ ಕಾರ್ಖಾನೆಯ ಪಾಠವೇ: ಎಡ-ಬಲ ಎರಡನ್ನೂ ಒಂದರ ಮೇಲೊಂದಿಟ್ಟು ಕ್ಲಾಂಪ್ ಬಿಗಿದು, 7.8ರ ಡ್ರಿಲ್ ಬಿಟ್ಟು, ಒಂದೇ ಏಟಿಗೆ ಎರಡರಲ್ಲೂ ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಉಪಕರಣ) ಓಡಿಸುವುದು. ಬುಷ್ ಕೂರಿಸುವ ದೊಡ್ಡ ರಂಧ್ರಕ್ಕೂ ಅದೇ ಕ್ರಮ. ಆಮೇಲೆ ಜೋಡಿಗಳಿಗೆ ನಂಬರ್ ಪಂಚ್ ಹೊಡೆದು, ಬೆರಕೆಯಾಗದಂತೆ ತಂತಿಯಲ್ಲಿ ಪೋಣಿಸಿಡುತ್ತೇವೆ. ಎರಡರಲ್ಲೂ ಒಂದೇ ತಪ್ಪಿದ್ದರೆ ಮಂಡಿ ಸುಮ್ಮನಿರುತ್ತದೆ. ಬೇರೆ ಬೇರೆ ತಪ್ಪಿದ್ದರೆ ಸುಮ್ಮನಿರುವುದಿಲ್ಲ.

ಹಂತ 4: ನೀರು ಕುಡಿದ ನೈಲಾನ್

ಒಂದು ಮಂಡಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ವಾರಗಟ್ಟಲೆ ಬಿಟ್ಟೆವು. ತುಕ್ಕು ನೋಡುವುದು ಉದ್ದೇಶವಾಗಿತ್ತು. ಹೊರಗೆ ತೆಗೆದಾಗ ತುಕ್ಕು ಇರಲಿಲ್ಲ, ಆದರೆ ಮಂಡಿ ಮಡಚಲು ಮೊಳಕೈಯ ಬಲ ಬೇಕಾಯಿತು.

ನೈಲಾನ್ ನೀರು ಹೀರಿ ಊದಿಕೊಳ್ಳುತ್ತದೆ ಅಂತ ಪುಸ್ತಕದಲ್ಲಿ ಓದಿದ್ದು ಬೇರೆ, ಮೈಕ್ರೋಮೀಟರಿನಲ್ಲಿ ನೋಡುವುದು ಬೇರೆ. 40 ಮಿಮೀ ಅಗಲದ ಬ್ಲಾಕ್ 40.4 ಆಗಿತ್ತು. ಕೊಂಡಿ ಮತ್ತು ಬ್ಲಾಕಿನ ನಡುವೆ ನಾವು ಬಿಟ್ಟಿದ್ದ ಜಾಗ ಒಂದೊಂದು ಬದಿಗೆ 0.15. ಕೊಂಡಿಗಳು ಬ್ಲಾಕಿನ ಕೆನ್ನೆಗೆ ಒತ್ತಿಕೊಂಡು ಉಜ್ಜುತ್ತಿದ್ದವು, ಬ್ಲಾಕಿನ ಮೇಲೆ ಬೂದು ಬಣ್ಣದ ಅರ್ಧಚಂದ್ರಗಳೇ ಮೂಡಿದ್ದವು. ಸಡಿಲವನ್ನು ಹೆಚ್ಚಿಸಬಹುದಿತ್ತು. ಆದರೆ ಒಣಗಿದಾಗ ಅದೇ ಸಡಿಲ ಮಂಡಿಯನ್ನು ಪಕ್ಕಕ್ಕೆ ಅಲ್ಲಾಡಿಸುತ್ತದೆ.

ಬ್ಲಾಕ್‌ಗಳನ್ನು ಅಸಿಟಾಲ್ ಪ್ಲಾಸ್ಟಿಕ್ಕಿಗೆ ಬದಲಿಸಿದೆವು. ಅದು ಹೀರುವ ನೀರು ನೈಲಾನಿಗೆ ಹೋಲಿಸಿದರೆ ತೀರ ಕಡಿಮೆ, ಮಿಲ್ಲಿಂಗಿಗೂ ಸೊಗಸು, ಚೂರುಗಳು ಸುತ್ತಿಕೊಳ್ಳದೆ ಉದುರುತ್ತವೆ. ತೂಕ ಸುಮಾರು 40 ಗ್ರಾಂ ಏರಿತು. ಒಳಮೂಲೆಗಳನ್ನು ಚೂಪಾಗಿ ಬಿಡಬಾರದು. ಗೀರಿಗೆ ಅಸಿಟಾಲ್ ಸೂಕ್ಷ್ಮ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಎಲ್ಲ ಒಳಮೂಲೆಗೂ 3 ಮಿಮೀ ಗುಂಡು ಕೊಟ್ಟಿದ್ದೇವೆ.

ಹಂತ 5: ಸ್ಪ್ರಿಂಗ್

ಹೆಜ್ಜೆ ಮುಂದೆ ಬೀಸುವಾಗ ಕೆಳಗಾಲು ಸಮಯಕ್ಕೆ ಸರಿಯಾಗಿ ನೇರವಾಗಲು ಸಣ್ಣ ನೆರವು ಬೇಕು. ಮೊದಲು ಎರಡು ತುದಿಗೆ ಕೊಕ್ಕೆ ಇರುವ ಎಳೆಯುವ ಸ್ಪ್ರಿಂಗ್ ಹಾಕಿದೆವು. ಸುರುಳಿ ಗಟ್ಟಿಯಾಗಿಯೇ ಇರುತ್ತದೆ, ಕೊಕ್ಕೆ ಬಾಗುವ ಕುತ್ತಿಗೆಯಲ್ಲೇ ಮುರಿಯುತ್ತದೆ. ದಪ್ಪ ತಂತಿಯದು ಹಾಕಿದರೂ ಅಷ್ಟೇ. ಅದನ್ನು ಬಿಟ್ಟು, ಕಡ್ಡಿಯ ಮೇಲೆ ಕೂರುವ ಒತ್ತುವ ಸ್ಪ್ರಿಂಗಿಗೆ ಬದಲಿಸಿದೆವು. ಒಂದು ವೇಳೆ ಅದು ಮುರಿದರೂ ಕಡ್ಡಿಯ ಮೇಲೇ ಉಳಿಯುತ್ತದೆ, ನಡೆಯುವವರು ಬೀಳುವುದಿಲ್ಲ. ಒಂದು ನಟ್ಟಿನಿಂದ ಬಿಗಿ ಹೊಂದಿಸಬಹುದು.

ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅಲ್ಲ. ಬಿಗಿಯಾದಷ್ಟೂ ಕೆಳಗಾಲು ಜೋರಾಗಿ ಬಂದು ಬಡಿಯುತ್ತದೆ. ಅಲ್ಲಿಂದಲೇ ಮುಂದಿನ ಕಥೆ.

ಹಂತ 6: ಸದ್ದು, ಗುಂಡಿ, ಒಂದು ಡಿಗ್ರಿ

ನೈತಿಕ ಸಮಿತಿಯ ಒಪ್ಪಿಗೆ ಬಂದು, ಸ್ಥಿರ ಭಾರದ ಪರೀಕ್ಷೆ ಆದ ಮೇಲೆ ಪ್ಯಾರಲಲ್ ಬಾರುಗಳ (ಎರಡೂ ಬದಿಗೆ ಹಿಡಿದು ನಡೆಯುವ ಸರಳುಗಳ) ನಡುವೆ ಮೊದಲ ನಡಿಗೆ. ನಡೆದವರು ಟೀಚರ್ ಒಬ್ಬರು, ವರ್ಷಗಳಿಂದ ಬೀಗ ಹಾಕುವ ಮಂಡಿ ಹಾಕಿಕೊಂಡು ಕಾಲು ನೇರವಾಗಿಟ್ಟೇ ನಡೆದವರು. ಮಡಚುವ ಮಂಡಿ ಅವರಿಗೆ ಹೊಸದು.

ಮಂಡಿ ನಡೆಯಿತು. ಆದರೆ ಪ್ರತಿ ಹೆಜ್ಜೆಗೂ 'ಟಕ್'. ಅಸಿಟಾಲ್ ಮೇಲೆ ಅಲ್ಯೂಮಿನಿಯಂ ಬಂದು ಬಡಿಯುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಮೊಬೈಲಿನ ಡೆಸಿಬೆಲ್ ಆ್ಯಪ್ ಹೇಳುವ ಸಂಖ್ಯೆಯನ್ನು ನಂಬಬೇಕಿಲ್ಲ, ಆದರೆ ಒಂದೇ ಮೇಜಿನ ಮೇಲೆ ಒಂದೇ ದೂರದಲ್ಲಿಟ್ಟು ಈ ಮಂಡಿಗೂ ಆ ಮಂಡಿಗೂ ಹೋಲಿಸಲು ಸಾಕು.

ರಬ್ಬರ್ ಹಾಕಿದರೆ ಆಯಿತಲ್ಲ ಅಂದುಕೊಂಡೆವು. ಹಿಂದಿನ ಕೊಂಡಿ ಕೆಳ ಬ್ಲಾಕಿಗೆ ಆನುವ ಜಾಗದಲ್ಲಿ, ಪಿನ್ನಿನಿಂದ 15 ಮಿಮೀ ದೂರಕ್ಕೆ, 12 ಮಿಮೀ ಕುಳಿ ಕೊರೆದು ಪಾಲಿಯುರೆಥೇನ್ ಗುಂಡಿ ಕೂರಿಸಿದೆವು.

ಮೊದಲ ಗುಂಡಿ ಶೋರ್ ಎ 80 ಗಡಸಿನದು (ಶೋರ್ ಎ ಅಂದರೆ ರಬ್ಬರಿನ ಗಡಸು ಅಳೆಯುವ ಮಾಪಕ, ಸಂಖ್ಯೆ ಏರಿದಷ್ಟೂ ಗಟ್ಟಿ). ಕುಳಿಗೆ ಬಿಗಿಯಾಗಿ ಕೂರಲಿ ಅಂತ ಸರಿಯಾಗಿ 12.0 ಅಳತೆಗೇ ಮಾಡಿದ್ದೆವು. ಸದ್ದು ಒಂದು ಚೂರೂ ಕಡಿಮೆ ಆಗಲಿಲ್ಲ. ರಬ್ಬರಿನ ಜಾತಿಯ ವಸ್ತು ಆಕಾರ ಬದಲಿಸುತ್ತದೆಯೇ ಹೊರತು ಗಾತ್ರ ಕುಗ್ಗುವುದಿಲ್ಲ. ಸುತ್ತ ಗೋಡೆ ಕಟ್ಟಿದರೆ ಅದು ಹೋಗುವುದಾದರೂ ಎಲ್ಲಿಗೆ? ಬಿಗಿ ಕುಳಿಯಲ್ಲಿ ಅದು ಕಲ್ಲೇ. ಗುಂಡಿಯ ನಡುವೆ 4 ಮಿಮೀ ರಂಧ್ರ ಕೊರೆದು, ಕುಳಿಯನ್ನು 13ಕ್ಕೆ ಹಿಗ್ಗಿಸಿದೆವು. ಆಗ ಮಾತ್ರ ಅದು ರಬ್ಬರಿನ ಹಾಗೆ ವರ್ತಿಸಿತು.

ಆಮೇಲೆ ಮೆತ್ತಗಿನದು ಹಾಕಿದೆವು, ಶೋರ್ ಎ 60. ಗುಂಡಿ ಪೂರ್ತಿ ಎತ್ತರವಾಗಿದ್ದು, ಕೊಂಡಿ ಅದರ ಮೇಲೇ ಆನಬೇಕು, ಗಟ್ಟಿ ತಡೆ ಇಲ್ಲ. ಸದ್ದು ಮಾಯ. ಆದರೆ ಟೀಚರ್ ಎರಡು ಬಾರ್ ಬಿಡಲೇ ಇಲ್ಲ.

"ಹಿಂದಕ್ಕೆ ಜಗ್ಗಿದ ಹಾಗೆ ಆಗ್ತದೆ. ನಿಂತ ನೆಲವೇ ಜಾರಿದ ಹಾಗೆ," ಅಂದರು.

ಲೆಕ್ಕ ಹಾಕಿದರೆ ಅವರ ಮಾತೇ ಸರಿ. ಈ ತಡೆ ಬೀಸುವ ಕಾಲಿನ ಹೊಡೆತ ತಾಳಲು ಮಾತ್ರ ಇರುವುದಲ್ಲ, ನಿಂತಾಗಿನ ಭಾರವೆಲ್ಲ ಇದರ ಮೇಲೇ. 80 ಕೆಜಿ ತೂಕದವರು ಮುಂಗಾಲಿನ ಮೇಲೆ ಭಾರ ಹಾಕಿದಾಗ ಭಾರದ ಗೆರೆ ತಿರುಗುಬಿಂದುವಿನ 60 ಮಿಮೀ ಮುಂದೆ ಹಾದುಹೋದರೆ, ನಮ್ಮ ಅಳತೆಗಳಲ್ಲಿ ಈ ಸಣ್ಣ ಗುಂಡಿಯ ಮೇಲೆ ಸುಮಾರು 1,400 ನ್ಯೂಟನ್ ಬೀಳುತ್ತದೆ. ಹತ್ತಿರ ಹತ್ತಿರ 140 ಕೆಜಿ ತೂಕ. ಮೆತ್ತನೆಯ ರಬ್ಬರ್ ಚಪ್ಪಟೆಯಾಗಿ ಮಂಡಿ ಹಿಂದಕ್ಕೆ ಬಾಗುತ್ತಿತ್ತು.

ಎರಡೂ ಬೇಕು: ಬಡಿತಕ್ಕೆ ಮೆತ್ತಗೆ, ಭಾರಕ್ಕೆ ಗಟ್ಟಿ. ಹಾಗಾಗಿ ಗುಂಡಿ ಕುಳಿಯಿಂದ ಸ್ವಲ್ಪ ಮಾತ್ರ ಹೊರಗೆ ಚಾಚಿರಲಿ, ಅದು ಒತ್ತಿ ಒಳಗೆ ಹೋದ ಮೇಲೆ ಕೊಂಡಿ ಅಸಿಟಾಲಿನ ಗಟ್ಟಿ ಮುಖಕ್ಕೆ ಆನಲಿ ಅಂತ ತೀರ್ಮಾನಿಸಿದೆವು. ಚಾಚು ಎಷ್ಟಿರಬೇಕು? ಸದ್ದು ಅಡಗಿಸಲು 1.8 ಮಿಮೀ ಚೆನ್ನಾಗಿತ್ತು. ಮೇಜಿನ ಮೇಲೆ ಅದ್ಭುತ. ಪಾಲುದಾರ ಅದನ್ನು ಹತ್ತಾರು ಸಲ ಬೀಸಿ ಬೀಸಿ ತೋರಿಸಿದ.

ಬಾರುಗಳ ನಡುವೆ ಟೀಚರ್ ಹಿಮ್ಮಡಿ ಊರಿದರು, ಮಂಡಿ ಕುಸಿಯಿತು. ಸೊಂಟಕ್ಕೆ ಬೆಲ್ಟ್ ಇತ್ತು, ಮೇಡಂ ಪಕ್ಕದಲ್ಲೇ ಇದ್ದರು, ಏನೂ ಆಗಲಿಲ್ಲ. ಆದರೆ ಇನ್ನೊಂದು ಹೆಜ್ಜೆ ಇಡಿ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ರಟ್ಟಿನ ಬೋರ್ಡ್ ಮತ್ತೆ ಹೊರಗೆ ಬಂತು. ಕಾಲು ಬೀಸಿ ಬಂದಾಗ ಅದರ ಹಗುರ ವೇಗಕ್ಕೆ ಗುಂಡಿ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಕೊಂಡಿ ಗುಂಡಿಯ ಮೇಲೆ ಕೂತು ನಿಲ್ಲುತ್ತದೆ. ನಮ್ಮ ಕೊಂಡಿಗಳಲ್ಲಿ 1.8 ಮಿಮೀ ಚಾಚು ಅಂದರೆ ಮಂಡಿ 3 ಡಿಗ್ರಿ ಮಡಚಿದ ಸ್ಥಿತಿ. ಬರೀ 3 ಡಿಗ್ರಿ ಅನ್ನಬಹುದು. ಆದರೆ ಆ 3 ಡಿಗ್ರಿಗೆ ತಿರುಗುಬಿಂದು 18 ಮಿಮೀ ಮುಂದಕ್ಕೆ ಬಂದಿರುತ್ತದೆ. ಹಿಂದೆ ಇದ್ದದ್ದೇ 20 ಮಿಮೀ! ಹಿಮ್ಮಡಿ ಊರುವ ಹೊತ್ತಿಗೆ ನಮ್ಮ ಭದ್ರತೆಯ ಬಂಡವಾಳ ಹೆಚ್ಚುಕಡಿಮೆ ಖಾಲಿ. ಸದ್ದು ಕಡಿಮೆ ಮಾಡಲು ಹೋಗಿ ನಿಲ್ಲುವ ಶಕ್ತಿಯನ್ನೇ ಮಾರಿಕೊಂಡಿದ್ದೆವು. ಒಂದನೇ ಹಂತದಲ್ಲಿ ಟಿಕ್ ಹಾಕಿದ್ದ ಆ ಸಂಖ್ಯೆ ಇದೇ.

ಈಗ ಚಾಚು 0.6 ಮಿಮೀ. ಅಂದರೆ ಸುಮಾರು 1 ಡಿಗ್ರಿ, ತಿರುಗುಬಿಂದು 6 ಮಿಮೀ ಮಾತ್ರ ಮುಂದೆ ಬರುತ್ತದೆ. ಗುಂಡಿ ಶೋರ್ ಎ 80, ನಡುವೆ 4 ಮಿಮೀ ರಂಧ್ರ. ಸ್ಪ್ರಿಂಗಿನ ನಟ್ಟನ್ನು ಎರಡು ಸುತ್ತು ಸಡಿಲಿಸಿದೆವು. ಚಾಚನ್ನು ಫೀಲರ್ ಗೇಜಿನಲ್ಲಿ ಅಳೆಯುತ್ತೇವೆ, 0.5 ಮಿಮೀ ಪಟ್ಟಿ ಹೋಗಬೇಕು, 0.7 ಹೋಗಬಾರದು.

ಸದ್ದು ಪೂರ್ತಿ ಹೋಗಿಲ್ಲ. ಮೊದಲು 'ಟಕ್' ಇದ್ದದ್ದು ಈಗ 'ಡುಪ್'. ಇನ್ನೂ ಕಡಿಮೆ ಮಾಡುವ ಉಪಾಯ ಹುಡುಕುತ್ತಿದ್ದಾಗ ಟೀಚರೇ ತಡೆದರು.

"ಅದನ್ನ ತೆಗೀಬೇಡಿ. ಅದು ಕೇಳಿಸಿದ್ರೆನೇ ನಾನು ಭಾರ ಹಾಕೋದು."

ಕೃತಕ ಕಾಲಿಗೆ ನರ ಇಲ್ಲ. ಮಂಡಿ ನೇರವಾಯಿತೋ ಇಲ್ಲವೋ ತಿಳಿಯಲು ಅವರಿಗಿರುವ ಸುಳಿವು ಸಾಕೆಟ್ಟಿನ ಮೂಲಕ ತೊಡೆಗೆ ತಟ್ಟುವ ಆ ಬಡಿತ ಮಾತ್ರ. ಇಷ್ಟು ಹೊತ್ತೂ ನಾವು ಸದ್ದನ್ನು ದೋಷದ ಪಟ್ಟಿಯಲ್ಲಿ ಬರೆದುಕೊಂಡಿದ್ದೆವು. ಅದನ್ನು ಪಟ್ಟಿಯಿಂದ ತೆಗೆದು, ಬೇಕಾದ ಗುಣಗಳ ಸಾಲಿಗೆ ಸೇರಿಸಿದೆ: ಪಕ್ಕದ ಕೋಣೆಗೆ ಕೇಳಬಾರದು, ತೊಡೆಗೆ ಗೊತ್ತಾಗಬೇಕು. ಮೇಡಂ ಇದನ್ನು ನೋಡಿ, ಅವರ ಹಳೆಯ ರೋಗಿಗಳಲ್ಲಿ ಕೆಲವರು ಮಂಡಿಗೆ ಎಣ್ಣೆ ಹಾಕಿಸಿಕೊಂಡು ಹೋಗಿ ಮತ್ತೆ ಬಂದು 'ಈಗ ಏನೂ ಗೊತ್ತಾಗಲ್ಲ' ಅಂತ ದೂರುತ್ತಿದ್ದರು, ಆಗ ತನಗೆ ಅರ್ಥವಾಗಿರಲಿಲ್ಲ ಅಂದರು.

ಹಂತ 7: ಎರಡು ಯಂತ್ರಗಳು

ಕೃತಕ ಕಾಲಿನ ಗಟ್ಟಿತನ ಪರೀಕ್ಷಿಸಲು ಐಎಸ್‌ಒ 10328 ಅನ್ನುವ ಮಾನದಂಡ ಇದೆ. ಪಿ3, ಪಿ4, ಪಿ5 ಅಂತ ಭಾರದ ಮಟ್ಟಗಳು, ಕ್ರಮವಾಗಿ 60, 80, 100 ಕೆಜಿ ತೂಕದವರಿಗೆ. ಮರುಕಳಿಸುವ ಭಾರದ ಪರೀಕ್ಷೆ 30 ಲಕ್ಷ ಸಲ. ಸೆಕೆಂಡಿಗೆ ಒಂದರಂತೆ ಒತ್ತಿದರೂ 34 ದಿನಕ್ಕಿಂತ ಹೆಚ್ಚು ಹಗಲು ರಾತ್ರಿ ಓಡಬೇಕು. ವೇಗ ಹೆಚ್ಚಿಸಿದರೆ ಪ್ಲಾಸ್ಟಿಕ್ ಒಳಗೇ ಬಿಸಿಯಾಗಿ ಬೇರೆಯೇ ಕಥೆ ಹೇಳುತ್ತದೆ, ಹಾಗಾಗಿ ನಾವು ಸೆಕೆಂಡಿಗೆ ಒಂದನ್ನು ಮೀರಿಲ್ಲ. ಒಂದು ಕಾಲು ದಿನಕ್ಕೆ 2,500 ಸಲ ನೆಲ ಮುಟ್ಟುತ್ತದೆ ಅಂದುಕೊಂಡರೆ 30 ಲಕ್ಷ ಅಂದರೆ ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು.

ನಮ್ಮ ಯಂತ್ರ ಮನೆಯಲ್ಲಿ ಮಾಡಿದ್ದು: ಚೌಕ ಪೈಪಿನ ಚೌಕಟ್ಟು, 63 ಮಿಮೀ ಬೋರಿನ ಏರ್ ಸಿಲಿಂಡರ್, 6 ಬಾರ್ ಒತ್ತಡ. ಇದರಿಂದ 1,850 ನ್ಯೂಟನ್ ಆಸುಪಾಸು ಸಿಗುತ್ತದೆ. ಇದು ನಮ್ಮ ಸಮಾಧಾನಕ್ಕೆ ಮಾತ್ರ. ಪ್ರಮಾಣಪತ್ರ ಬೇಕೆಂದರೆ ಮಾನ್ಯತೆ ಪಡೆದ ಲ್ಯಾಬಿಗೇ ಹೋಗಬೇಕು. ಆದರೆ ಅಲ್ಲಿಗೆ ಹೋಗಿ ಮುರಿಸಿಕೊಂಡು ಬರುವುದಕ್ಕಿಂತ ಇಲ್ಲೇ ಮುರಿಸಿಕೊಳ್ಳುವುದು ಅಗ್ಗ.

ಎಣಿಕೆಗೆ ಮೊದಲು ಮೈಕ್ರೊಕಂಟ್ರೋಲರ್ ಹಾಕಿದ್ದೆವು. ಕರೆಂಟ್ ಹೋದಾಗಲೆಲ್ಲ ಲೆಕ್ಕ ಸೊನ್ನೆಗೆ ಹೋಗುತ್ತಿತ್ತು. ಅದನ್ನು ಸರಿಪಡಿಸಲು ಕೋಡ್ ಬರೆಯುವ ಬದಲು, ಸನ್ನೆ ತಟ್ಟಿದರೆ ಒಂದಂಕಿ ಏರುವ ಹಳೆಯ ಕಾಲದ ಮೆಕ್ಯಾನಿಕಲ್ ಕೌಂಟರ್ ಕಟ್ಟಿದೆವು. ಅದು ಏನನ್ನೂ ಮರೆಯುವುದಿಲ್ಲ.

ಈ ಭಾರದ ಪರೀಕ್ಷೆಯಲ್ಲಿ ಮಂಡಿ ನೇರವಾಗಿಯೇ ಇರುತ್ತದೆ. ಅಂದರೆ ಪಿನ್ ಸವೆತ, ಗುಂಡಿಯ ಬಡಿತ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಎರಡನೇ ಯಂತ್ರ: ಗೇರ್ ಮೋಟಾರಿನ ಕ್ರ್ಯಾಂಕ್ ಕೆಳಗಾಲನ್ನು 60 ಡಿಗ್ರಿ ಎತ್ತಿ ಕೈಬಿಡುತ್ತದೆ, ತುದಿಯಲ್ಲಿ ಪಾದ ಮತ್ತು ಶೂ ಸೇರಿ ಒಂದು ಕೆಜಿ. ನಡೆಯುವಾಗ ಮಂಡಿ ಮಡಚುವುದೂ ಸುಮಾರು ಅಷ್ಟೇ.

ಮೊದಲ ಯಂತ್ರದಲ್ಲಿ ಏನೂ ಮುರಿಯಲಿಲ್ಲ. ಎರಡನೆಯದು ಬೇಗ ಪಾಠ ಕಲಿಸಿತು. ಕಂಚಿನ ಬುಷ್ ಚೆನ್ನಾಗಿಯೇ ಇತ್ತು, ಸಾದಾ ಸ್ಟೇನ್‌ಲೆಸ್ ಪಿನ್ನೇ ಸವೆದು ಒಂದು ಬದಿಗೆ ಹೊಳೆಯುವ ತಗ್ಗು ಬಿದ್ದಿತ್ತು. ಉಗುರು ಆಡಿಸಿದರೆ ಆ ಅಂಚು ತಟ್ಟುತ್ತಿತ್ತು. ಪಿನ್ನಿನ ಸಡಿಲ 0.1 ಮಿಮೀ. ಕೇಳಲು ಏನೂ ಅಲ್ಲ. ಆದರೆ 30 ಮಿಮೀ ಅಂತರದ ಪಿನ್‌ಗಳಲ್ಲಿ 0.1 ಅಂದರೆ, ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ ಕೆಳಗಿರುವ ಹಿಮ್ಮಡಿಯಲ್ಲಿ ಸುಮಾರು 1.5 ಮಿಮೀ. ಅದು 0.3 ಆದರೆ ನಾಲ್ಕೂವರೆ ಮಿಮೀ. ಆಗ ಸಾಕೆಟ್ ಹಾಕಿಕೊಂಡವರಿಗೆ ಕಾಲು ತನ್ನದಲ್ಲ ಅನ್ನಿಸುತ್ತದೆ. ಗಡಸು ಮಾಡಿ ಗ್ರೈಂಡ್ ಮಾಡಿದ ಪಿನ್‌ಗಳಿಗೆ ಬದಲಿಸಿದ ಮೇಲೆ ಸವೆತ ಅಳತೆಗೆ ಸಿಗದಷ್ಟು ಇಳಿಯಿತು. ಆದರೆ ಆ ಪಿನ್ ತುಕ್ಕು ಹಿಡಿಯುತ್ತದೆ. ಈಗ ಬಕೆಟ್ ಪರೀಕ್ಷೆಯ ಸರದಿ ಮತ್ತೆ.

ಹಂತ 8: ಸಣ್ಣಪುಟ್ಟವು

ಕುಳಿತು ಏಳುವಾಗ ಹಿಂದಿನ ಕೊಂಡಿ ಮತ್ತು ಬ್ಲಾಕಿನ ನಡುವೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ತೊಟ್ಟ ಬಟ್ಟೆಗೆ ಮೊಣಕಾಲ ಹಿಂದೆ ಕಚ್ಚಿದ ಗುರುತು, ಸಣ್ಣ ತೂತು. ಡ್ರಾಯಿಂಗ್ ನೋಡಿ ಇದನ್ನು ಯಾರೂ ಊಹಿಸುವುದಿಲ್ಲ. 1 ಮಿಮೀ ಪಾಲಿಪ್ರೊಪಿಲೀನ್ ಹಾಳೆಯನ್ನು ಬಾಗಿಸಿ ಹಿಂಬದಿಗೆ ಮುಚ್ಚಳ ಕೊಟ್ಟೆವು.

ಪಿರಮಿಡ್ಡಿನ ಸ್ಕ್ರೂಗಳು: ಹೊಂದಾಣಿಕೆ ಮಾಡುವಾಗ ಕಡಿಮೆ ಬಿಗಿ, ಮುಗಿದ ಮೇಲೆ ಲಾಕ್ ಮಾಡುವ ಅಂಟು ಹಚ್ಚಿ ಟಾರ್ಕ್ ರೆಂಚಿನಲ್ಲಿ 15 ನ್ಯೂಟನ್ ಮೀಟರ್. ಕೈಯಂದಾಜಿನಲ್ಲಿ ಬಿಗಿದ ಸ್ಕ್ರೂ ಎರಡನೇ ಯಂತ್ರದ ಮೇಲೆ ಬಿಚ್ಚಿಕೊಂಡು ಬಂದದ್ದನ್ನು ಕಂಡಿದ್ದೇವೆ. ಕಾಲು ಬಿಚ್ಚುವಾಗ ಪಕ್ಕಪಕ್ಕದ ಎರಡು ಸ್ಕ್ರೂ ಮಾತ್ರ ಸಡಿಲಿಸಿದರೆ ಮತ್ತೆ ಜೋಡಿಸುವಾಗ ಅಲೈನ್‌ಮೆಂಟ್ ಹಾಳಾಗುವುದಿಲ್ಲ. ನಾಲ್ಕನ್ನೂ ಸಡಿಲಿಸಿದರೆ ಮೇಡಂ ಕೈಲಿ ಬೈಸಿಕೊಂಡು ಮೊದಲಿನಿಂದ ಶುರು ಮಾಡಬೇಕು.

ಖರ್ಚಿನ ಲೆಕ್ಕ: ಒಂದು ಮಂಡಿಗೆ ಆಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರದ ಸಮಯ, ಅದರಲ್ಲೂ ಎರಡು ಬ್ಲಾಕ್‌ಗಳ ಮಿಲ್ಲಿಂಗ್. ಆಮೇಲೆ ಕೊಂಡ ಅಡಾಪ್ಟರ್ ಮತ್ತು ಕ್ಲಾಂಪ್. ಅಸಿಟಾಲ್, ಅಲ್ಯೂಮಿನಿಯಂ, ಪಿನ್, ಬುಷ್ ಎಲ್ಲ ಸೇರಿ ಐದರಲ್ಲಿ ಒಂದು ಪಾಲು. ಅಷ್ಟೆಲ್ಲ ಕಾಡಿದ ಆ ಗುಂಡಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಎರಡು ಯಂತ್ರ ಕಟ್ಟಿದ್ದು ಈ ಎಲ್ಲಕ್ಕಿಂತ ದುಬಾರಿ, ಮತ್ತೆ ಶುರು ಮಾಡಿದರೆ ಅವನ್ನೇ ಮೊದಲು ಕಟ್ಟುತ್ತೇನೆ. ಮಂಡಿಯ ಒಟ್ಟು ತೂಕ ಮುಚ್ಚಳ ಸೇರಿ ಈಗ 690 ಗ್ರಾಂ. ಗಡಿಯ ಹತ್ತಿರ ಬಂದಿದ್ದೇವೆ, ಮೇಲಿನ ಬ್ಲಾಕಿನ ಒಳಗೆ ಕೆತ್ತಿ ತೆಗೆಯಲು ಇನ್ನೂ ಸ್ವಲ್ಪ ಜಾಗ ಇದೆ.

ಈಗ ಎಲ್ಲಿದೆ

ಟೀಚರ್ ಬಾರು ಬಿಟ್ಟು, ಒಂದು ಕೋಲು ಹಿಡಿದು ಸಮತಟ್ಟು ನೆಲದಲ್ಲಿ ನಡೆಯುತ್ತಿದ್ದಾರೆ. ಇಳಿಜಾರು ಇನ್ನೂ ಕೊಟ್ಟಿಲ್ಲ. ಇಳಿಯುವಾಗ ಹಿಮ್ಮಡಿ ಮೊದಲು ಊರುತ್ತದೆ, ಭಾರದ ಗೆರೆ ಹಿಂದಕ್ಕೆ ಸರಿಯುತ್ತದೆ, ಆ ಒಂದು ಡಿಗ್ರಿಯೂ ಅಲ್ಲಿ ಹೆಚ್ಚಾಗಬಹುದು. ಅದಕ್ಕಾಗಿ ಚಾಚು 0.3 ಇರುವ ಶೋರ್ ಎ 95 ಗುಂಡಿ ಮಾಡಿಟ್ಟಿದ್ದೇವೆ, ಸದ್ದು ಹೇಗಿರುತ್ತದೋ ಎರಡನೇ ಯಂತ್ರದ ಮೇಲೆ ಮೊದಲು ನೋಡಬೇಕು.

ಗುಂಡಿ ಕಾಲಕ್ರಮೇಣ ಕುಗ್ಗಿ ಚಾಚು ಕಡಿಮೆ ಆಗುವುದು ಖಾತ್ರಿ. ಹಾಗಾದಾಗ ಮಂಡಿ ಇನ್ನಷ್ಟು ಭದ್ರವಾಗುತ್ತದೆ, ಸದ್ದು ಮಾತ್ರ ಏರುತ್ತದೆ. ಕೆಟ್ಟರೆ ಈ ದಿಕ್ಕಿಗೇ ಕೆಡಬೇಕು, ಅಷ್ಟರ ಮಟ್ಟಿಗೆ ಸಮಾಧಾನ. ಸದ್ದು ಜೋರಾಯಿತು ಅಂದರೆ ಗುಂಡಿ ಬದಲಿಸುವ ಸಮಯ ಬಂತು ಅಂತ ಬಳಸುವವರಿಗೆ ಕೊಡುವ ಚೀಟಿಯಲ್ಲಿ ಬರೆದಿದ್ದೇವೆ. ಬದಲಿಸಲು 4 ಮಿಮೀ ಅಲೆನ್ ಕೀ ಸಾಕು, ಪಿನ್ ಬಿಚ್ಚಬೇಕಿಲ್ಲ. ಕುಳಿಯ ತಳಕ್ಕೆ 2 ಮಿಮೀ ರಂಧ್ರ ಬಿಟ್ಟಿದ್ದೇವೆ, ಹಿಂದಿನಿಂದ ತಂತಿ ತೂರಿಸಿ ತಳ್ಳಿದರೆ ಹಳೆಯ ಗುಂಡಿ ಹೊರಗೆ ಬರುತ್ತದೆ. ಆ ರಂಧ್ರದಲ್ಲಿ ಮರಳು ಸೇರಿದರೆ ಏನಾಗುತ್ತದೆ ಅನ್ನುವುದೇ ಮುಂದಿನ ಪರೀಕ್ಷೆ.